ಗಡಿಯಾರ ಹಿಡಿದು ಓಡಿದವನು

ಫಿನ್ಲೆಂಡ್ ದೇಶದ ತುರ್ಕು ಪಟ್ಟಣದಲ್ಲಿ 1897ರ ಜೂನ್ 13ರಂದು ಬಡಗಿಯೊಬ್ಬನ ಹಿರಿಯ ಮಗನಾಗಿ ಪಾವೊ ನೂರ್ಮಿ ಜನಿಸಿದನು. 1910ರಲ್ಲಿ ತಂದೆ ತೀರಿಕೊಂಡನು; ಸಂಸಾರದ ಭಾರ ಬಾಲಕನ ಹೆಗಲಿಗೂ ಬಿದ್ದಿತು. ಓದಿನಲ್ಲಿ ಜಾಣನಾಗಿದ್ದರೂ ಅವನು ಶಾಲೆಯನ್ನು ಬಿಟ್ಟು, ಬೇಕರಿಯೊಂದರ ಆಳಾಗಿ ಸರಕಿನ ಕೈಗಾಡಿಯನ್ನು ಏರುದಾರಿಗಳಲ್ಲಿ ತಳ್ಳತೊಡಗಿದನು. ಮುಂದೆ ಜಗತ್ತನ್ನು ಬೆರಗುಗೊಳಿಸಿದ ಕಾಲುಗಳಿಗೆ ಇದೂ ಒಂದು ಅಭ್ಯಾಸವಾಯಿತು.

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಅವನ ನಾಡಿನವನೇ ಆದ ಹಾನ್ನೆಸ್ ಕೊಲೆಹ್ಮೈನೆನ್ ದೂರದ ಓಟಗಳಲ್ಲಿ ಮೂರು ಚಿನ್ನದ ಪದಕಗಳನ್ನು ಗೆದ್ದನು. ಆ ಸುದ್ದಿಯಿಂದ ಪುಳಕಿತನಾದ ನೂರ್ಮಿ ಓಟದ ಪಾದರಕ್ಷೆಗಳನ್ನು ಕೊಂಡನು. ಚಳಿಗಾಲದಲ್ಲಿ ದೀರ್ಘ ನಡಿಗೆ, ಬೇಸಗೆಯಲ್ಲಿ ಒಂದೇ ವೇಗದ ನಿಧಾನವಾದ ಓಟ. ಇಷ್ಟೇ ಅವನ ಅಂದಿನ ಸಾಧನೆಯ ಕ್ರಮ.

1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಆ ಕ್ರಮದ ಕೊರತೆ ಬಯಲಾಯಿತು. 5000 ಮೀಟರ್ ಓಟದ ಕೊನೆಯಲ್ಲಿ ಫ್ರಾನ್ಸಿನ ಗಿಯ್ಮೊ ಅವನನ್ನು ಹಿಂದಿಕ್ಕಿದನು. ಅದೇ ಕೂಟದಲ್ಲಿ ನೂರ್ಮಿ ಮೂರು ಚಿನ್ನದ ಪದಕಗಳನ್ನು ಪಡೆದನೆಂಬುದು ನಿಜ. ಆದರೆ ಗೆದ್ದ ಓಟಗಳಿಗಿಂತ ಸೋತ ಓಟವೇ ಅವನಿಗೆ ಹೆಚ್ಚು ಕಲಿಸಿತೆಂದು ನನಗೆ ತೋರುತ್ತದೆ. ನಡಿಗೆಯನ್ನು ಅವನು ಬಿಡಲಿಲ್ಲ. ಅದರೊಡನೆ ಅಲ್ಪದೂರದ ಬಿರುಸಿನ ಓಟಗಳನ್ನೂ, ಕಾಲವನ್ನು ಅಳೆದು ಓಡುವ ಅಭ್ಯಾಸವನ್ನೂ ಸೇರಿಸಿದನು. ಕೈಯಲ್ಲಿ ಗಡಿಯಾರ ಹಿಡಿದು ಓಡುವುದು ಅವನ ಪದ್ಧತಿಯಾಯಿತು. ಮೊದಲ ಸುತ್ತಿನಲ್ಲಿ ಶಕ್ತಿಯನ್ನೆಲ್ಲ ಸುರಿದು ಕೊನೆಯಲ್ಲಿ ಬಳಲುವುದು ಅವನಿಗೆ ಒಪ್ಪದು. ಎದುರಾಳಿ ಮುಂದೆ ಧಾವಿಸಿದರೂ ಗಡಿಯಾರ ಹೇಳಿದ ವೇಗದಲ್ಲಿಯೇ ಅವನು ಸಾಗುವನು. ನೋಡುವವರಿಗೆ ಇದು ನೀರಸವೆನಿಸಿದ್ದರೆ ಆಶ್ಚರ್ಯವಿಲ್ಲ!

1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 1500 ಮತ್ತು 5000 ಮೀಟರ್ ಓಟಗಳ ಅಂತಿಮ ಸ್ಪರ್ಧೆಗಳು ಒಂದೇ ದಿನ, ಒಂದು ಗಂಟೆಗೂ ಕಡಿಮೆ ಅಂತರದಲ್ಲಿ ನಿಗದಿಯಾದವು. ಎರಡನ್ನೂ ಗೆಲ್ಲುವುದು ಸಾಧ್ಯವೆ? ನೂರ್ಮಿ ಊಹೆಗೆ ಎಡೆಗೊಡಲಿಲ್ಲ. ಜೂನ್ 19ರಂದು ಹೆಲ್ಸಿಂಕಿಯಲ್ಲಿ, ಅಷ್ಟೇ ಬಿಡುವಿನಲ್ಲಿ ಎರಡೂ ದೂರಗಳನ್ನು ಓಡಿ, ಎರಡರಲ್ಲಿಯೂ ವಿಶ್ವದಾಖಲೆ ಸ್ಥಾಪಿಸಿದನು. ಜುಲೈ 10ರಂದು ಪ್ಯಾರಿಸ್ಸಿನಲ್ಲಿ ಎರಡೂ ಚಿನ್ನ ಅವನದಾದವು. ಎರಡು ದಿನಗಳ ಬಳಿಕ ಸುಡುಬಿಸಿಲಿನಲ್ಲಿ ನಡೆದ ಗುಡ್ಡಗಾಡು ಓಟದಲ್ಲಿ ಹೊರಟವರು 38 ಮಂದಿ, ಗುರಿ ಮುಟ್ಟಿದವರು 15 ಮಂದಿ. ಅವರಲ್ಲಿ ಮೊದಲಿಗನು ನೂರ್ಮಿ. ಆ ಕೂಟದಲ್ಲಿ ಅವನಿಗೆ ದೊರೆತ ಚಿನ್ನದ ಪದಕಗಳು ಐದು.

1928ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಗೆದ್ದುದೂ ಸೇರಿ ಅವನ ಒಲಿಂಪಿಕ್ ಚಿನ್ನಗಳು ಒಂಬತ್ತಾದವು. ಮ್ಯಾರಥಾನ್ ಗೆಲ್ಲುವ ಆಸೆ ಮಾತ್ರ ಉಳಿದಿತ್ತು. ಪ್ರಯಾಣವೆಚ್ಚವೆಂದು ಮಿತಿಮೀರಿ ಹಣ ಪಡೆದನೆಂಬ ಆರೋಪದಿಂದ 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಬಾಗಿಲು ಅವನಿಗೆ ಮುಚ್ಚಿತು. ಆ ನೋವು ಅವನನ್ನು ಬಹುಕಾಲ ಕಾಡಿತು.

ಇಪ್ಪತ್ತು ವರ್ಷಗಳು ಕಳೆದವು. 1952ರಲ್ಲಿ ಒಲಿಂಪಿಕ್ಸ್ ಹೆಲ್ಸಿಂಕಿಗೇ ಬಂದಿತು. ಪಂಜನ್ನು ಹಿಡಿದು ಕ್ರೀಡಾಂಗಣವನ್ನು ಪ್ರವೇಶಿಸಿದವನು ಐವತ್ತೈದು ವರ್ಷದ ನೂರ್ಮಿ. ಹೆಜ್ಜೆಯ ಧಾಟಿಯಿಂದಲೇ ಜನ ಅವನನ್ನು ಗುರುತಿಸಿ ಜಯಘೋಷ ಮಾಡಿದರು. ಮೈದಾನದ ಅಗ್ನಿಪಾತ್ರೆಯನ್ನು ಅವನು ಹೊತ್ತಿಸಿದನು. ಗೋಪುರದ ತುದಿಯಲ್ಲಿ ಜ್ಯೋತಿಯನ್ನು ಬೆಳಗಲು ಕಾದಿದ್ದವನು ಅವನ ಬಾಲ್ಯದ ವೀರ, ಕೊಲೆಹ್ಮೈನೆನ್.