ಜಟಕಾ ಬಣ್ಣದಿಂದ ಪತ್ರಿಕೆಯ ಮಸಿಗೆ

ಹಬ್ಬದ ಸಾಮಾನಿಗೆಂದು ರಾಜಾಜಿನಗರ, ವಿಜಯನಗರದ ಕಡೆಯಿಂದ ಗಾಂಧಿಬಜಾರಿಗೆ ಹೋದವರು ಪಕ್ಕದ ಡಿ.ವಿ.ಜಿ. ರಸ್ತೆಯನ್ನೂ ದಾಟಿರುತ್ತೀರಿ. ಡಿ.ವಿ. ಗುಂಡಪ್ಪನವರೆಂದರೆ ನಮಗೆ 'ಮಂಕುತಿಮ್ಮನ ಕಗ್ಗ'ದ ಕವಿ. ಆದರೆ ಅವರು ಅನ್ನ ಹುಡುಕಿದ್ದು ಪತ್ರಿಕಾ ವೃತ್ತಿಯಲ್ಲಿ ಎಂಬುದು ಎಷ್ಟು ಮಂದಿಗೆ ಗೊತ್ತು?

1887ರ ಮಾರ್ಚ್ 17ರಂದು ಮುಳಬಾಗಿಲಿನಲ್ಲಿ ಹುಟ್ಟಿದ ಈ ಹುಡುಗ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಫಲಿತಾಂಶದ ದಿನ ಮಕ್ಕಳ ಮುಖ ನೋಡಿ ಕಂಗೆಡುವ ತಂದೆತಾಯಿಗಳು ಇದನ್ನು ನೆನಪಿಟ್ಟುಕೊಳ್ಳಬೇಕು. ಕೆಲಕಾಲ ಸೋಡಾ ಕಾರ್ಖಾನೆಯಲ್ಲಿ ದುಡಿದು, ಬೆಂಗಳೂರಿಗೆ ಬಂದು ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿಂದ 'ಸೂರ್ಯೋದಯ ಪ್ರಕಾಶಿಕೆ' ಎಂಬ ಪತ್ರಿಕೆಗೆ ಬಂದಾಗ ಅವರಿಗೆ ಸುಮಾರು ಇಪ್ಪತ್ತು ವರ್ಷ.

ಆ ಕಾಲದ ಸಣ್ಣ ಪತ್ರಿಕೆಯಲ್ಲಿ ವರದಿಗಾರ ಬೇರೆ, ಸಂಪಾದಕ ಬೇರೆ ಎಂಬ ಭೇದವಿರಲಿಲ್ಲ. ಸುದ್ದಿ ತರುವವನೇ ಬರೆಯಬೇಕು, ಅಚ್ಚಿನ ತಪ್ಪನ್ನೂ ಅವನೇ ತಿದ್ದಬೇಕು. ಸಂಬಳ ಬಂದರೆ ಬಂತು. ಇಷ್ಟು ಸಾಲದೆಂಬಂತೆ 1908ರಲ್ಲಿ ಮೈಸೂರು ಸರ್ಕಾರ ಪತ್ರಿಕಾ ನಿರ್ಬಂಧದ ಕಾನೂನು ತಂದಿತು. ಸರ್ಕಾರದ ಅಪ್ಪಣೆಯಿಲ್ಲದೆ ಪತ್ರಿಕೆ ನಡೆಸುವಂತಿಲ್ಲ. ಕೊಟ್ಟ ಅಪ್ಪಣೆಯನ್ನು ಹಿಂತೆಗೆದುಕೊಳ್ಳಲೂಬಹುದು. ಮೈಸೂರಿನ ಹಿರಿಯ ಪತ್ರಕರ್ತ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಯನ್ನೇ ನಿಲ್ಲಿಸಿದರು. ಆಗತಾನೇ ವೃತ್ತಿಗೆ ಕಾಲಿಟ್ಟಿದ್ದ ತರುಣನಿಗೆ ಇದು ನೆಲವೇ ಕುಸಿದಂಥ ಹೊಡೆತ. ಆದರೂ ಗುಂಡಪ್ಪನವರು ಲೇಖನಿ ಕೆಳಗಿಡಲಿಲ್ಲ. 1913ರಲ್ಲಿ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನು ವಾರಕ್ಕೆರಡು ಬಾರಿ ತಾವೇ ಹೊರಡಿಸತೊಡಗಿದರು. ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಮೇಲೆ ಅವರಿಗೆ ಬಹಳ ಗೌರವ. ಗೌರವವಿದೆಯೆಂದು ಟೀಕೆಯನ್ನು ಬಿಟ್ಟುಕೊಡಲಿಲ್ಲ.

ಇದರ ಬೆಲೆ ತೆತ್ತದ್ದು ಮನೆ. ಒಮ್ಮೆ ಸಮಾರಂಭವೊಂದಕ್ಕೆ ಪತ್ನಿ ಭಾಗೀರಥಮ್ಮನವರು ಮಕ್ಕಳನ್ನು ಮಾತ್ರ ಕಳುಹಿಸಿ ತಾವು ಮನೆಯಲ್ಲೇ ಉಳಿದರಂತೆ. ಕಾರಣ ಕೇಳಿದರೆ, ತಮಗಿರುವ ಒಂದೇ ಸೀರೆ ಹರಿದಿದೆ, ಅದನ್ನುಟ್ಟು ಬಂದರೆ ಜನ ಗಂಡನನ್ನು ಆಡಿಕೊಳ್ಳುತ್ತಾರೆ ಎಂದರಂತೆ. ಪತ್ರಿಕೋದ್ಯಮದ ಚರಿತ್ರೆ ಬರೆಯುವವರು ಇಂಥ ಹೆಣ್ಣುಮಕ್ಕಳಿಗೂ ಒಂದು ಪುಟ ಮೀಸಲಿಡಬೇಕು ಎಂದು ನನಗನ್ನಿಸುತ್ತದೆ. ಆಕೆ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಗುಂಡಪ್ಪನವರು ಮತ್ತೆ ಮದುವೆಯಾಗಲಿಲ್ಲ.

ಹಾಗಾದರೆ ಈ ವೃತ್ತಿ ಅವರಿಗೆ ಕೊಟ್ಟದ್ದೇನು? ದಿವಾನರಿಂದ ಹಿಡಿದು ಬೀದಿಯ ಬಡವನವರೆಗೆ ಎಲ್ಲರ ಬಳಿಗೆ ಹೋಗುವ ಅವಕಾಶ. ಹೀಗೆ ಕಂಡವರನ್ನೆಲ್ಲ ಮುಂದೆ 'ಜ್ಞಾಪಕ ಚಿತ್ರಶಾಲೆ'ಯ ಸಂಪುಟಗಳಲ್ಲಿ ಚಿತ್ರಿಸಿದರು. 1928ರಲ್ಲಿ ಬಾಗಲಕೋಟೆಯಲ್ಲಿ ಸೇರಿದ ಪತ್ರಕರ್ತರ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಮೆಟ್ರಿಕ್ಯುಲೇಷನ್ ಮುಗಿಸದ ಅವರು 1932ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೂ ಅಧ್ಯಕ್ಷರಾದರು. 1974ರಲ್ಲಿ ಪದ್ಮಭೂಷಣ ಬಂತು. 1970ರಲ್ಲಿ ಸನ್ಮಾನಿಸಿ ಒಪ್ಪಿಸಿದ ಹಣವನ್ನು ತಾವು ಕಟ್ಟಿದ್ದ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆಗೆ ಕೊಟ್ಟುಬಿಟ್ಟರು.

ಸರ್ಕಾರಕ್ಕಾಗಿ ಬರೆದುಕೊಟ್ಟ ಕೆಲಸಕ್ಕೆ ಆಗಾಗ ಚೆಕ್ಕುಗಳು ಬರುತ್ತಿದ್ದವು. ಸರ್ಕಾರದ ಹಣ ಮುಟ್ಟಿದ ಪತ್ರಕರ್ತ ನಾಳೆ ಅದೇ ಸರ್ಕಾರದ ತಪ್ಪನ್ನು ಎತ್ತಿ ಹೇಳುವುದು ಹೇಗೆ ಎಂಬುದು ಅವರ ಚಿಂತೆ. ಹಿಂದಿರುಗಿಸಿದರೆ ಕೊಟ್ಟವರಿಗೆ ನೋವು. 1975ರ ಅಕ್ಟೋಬರ್ 7ರಂದು ಅವರು ತೀರಿಕೊಂಡ ಮೇಲೆ ಪೆಟ್ಟಿಗೆ ತೆರೆದರೆ, ಆ ಚೆಕ್ಕುಗಳು ನಗದಾಗದೆ ಹಾಗೆಯೇ ಇದ್ದವು.