ಕಲ್ಲಿನ ನೆನಪನ್ನು ನಕಲು ಮಾಡಿದ ಬಿ.ಎಲ್. ರೈಸ್

ಮಕ್ಕಳೇ, ನಿಮ್ಮ ಊರಿನ ದೇವಸ್ಥಾನದ ಮುಂದೆ, ಕೆರೆ ಏರಿಯ ಮೇಲೆ ಅಥವಾ ಹೊಲದ ಬದುವಿನಲ್ಲಿ ಅಕ್ಷರ ಕೆತ್ತಿದ ಕಲ್ಲನ್ನು ನೋಡಿದ್ದೀರಾ? ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಇಂಥ ಕಲ್ಲುಗಳು ಬಹಳ. ಇವೇ ಶಾಸನಗಳು. ಕೆರೆ ಕಟ್ಟಿಸಿದವರು ಯಾರು, ಯಾರಿಗೆ ಎಷ್ಟು ಭೂಮಿ ದಾನವಾಯಿತು, ಊರಿನ ದನಗಳನ್ನು ಕಳ್ಳರಿಂದ ಬಿಡಿಸುವಾಗ ಯಾವ ವೀರ ಸತ್ತ ಎಂಬ ಸಂಗತಿಗಳು ಅವುಗಳಲ್ಲಿವೆ. ಮರೆಯಬಾರದ್ದನ್ನು ತಲೆಯ ಹೊರಗೆ ಒಂದು ಕಡೆ ಬರೆದಿಡುವುದು ಶಾಸನದ ಕೆಲಸ. ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸುವ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಮಾಡುವ ಕೆಲಸವೂ ಅದೇ ಅಲ್ಲವೇ?

ಕಲ್ಲು ಸಾವಿರ ವರ್ಷ ಬಾಳುತ್ತದೆ ನಿಜ. ಆದರೆ ಅದಕ್ಕೊಂದು ದೊಡ್ಡ ಕೊರತೆ ಇದೆ. ಅದು ಇರುವುದು ಒಂದೇ ಪ್ರತಿ. ಯಾರೋ ಅದನ್ನು ಮೆಟ್ಟಿಲಿಗೆ ಹಾಕಿದರೆ, ಬಟ್ಟೆ ಒಗೆಯಲು ಬಳಸಿದರೆ, ಒಡೆದು ಪಾಯಕ್ಕೆ ತುಂಬಿದರೆ ಅದರಲ್ಲಿದ್ದ ಮಾಹಿತಿಯೂ ಹೋಯಿತು. ಆ ಮಾಹಿತಿ ಹೋಗದಂತೆ ನಕಲು ತೆಗೆಯಲು ತಮ್ಮ ಜೀವಮಾನವನ್ನೇ ಕೊಟ್ಟವರು ಬೆಂಜಮಿನ್ ಲೂಯಿಸ್ ರೈಸ್.

ರೈಸ್ ಅವರು 1837ರ ಜುಲೈ 17ರಂದು ಹುಟ್ಟಿದ್ದು ಬೆಂಗಳೂರಿನಲ್ಲಿ. ತಂದೆ ಪಾದ್ರಿ, ಕನ್ನಡ ಬಲ್ಲವರು. ಮಗ ಇಂಗ್ಲೆಂಡಿಗೆ ಹೋಗಿ ಓದಿದರೂ ಕೆಲಸಕ್ಕೆ ಬಂದದ್ದು ಹುಟ್ಟಿದ ಊರಿಗೇ. 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಆ ಶಾಲೆಯೇ ಮುಂದೆ ಸೆಂಟ್ರಲ್ ಕಾಲೇಜಾಯಿತು. ಆಮೇಲೆ ರೈಸ್ ಅವರು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಅಧಿಕಾರಿಯಾದರು. ಹೋಬಳಿಗೊಂದು ಸರ್ಕಾರಿ ಶಾಲೆ ಇರಬೇಕು ಎಂಬ ಯೋಜನೆಯನ್ನು 1868ರಲ್ಲಿ ಸಿದ್ಧಪಡಿಸಿದವರೂ ಅವರೇ. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಓದುವ ನಿಮಗೆ ಅವರು ಈ ಲೆಕ್ಕದಲ್ಲಿ ದೂರದವರಲ್ಲ!

ಶಾಲೆಗಳ ತಪಾಸಣೆಗೆ ಊರೂರು ಸುತ್ತುವಾಗ ಅಕ್ಷರದ ಕಲ್ಲುಗಳು ಅವರ ಕಣ್ಣಿಗೆ ಬೀಳುತ್ತಿದ್ದವು. ಹಳಗನ್ನಡದ ಲಿಪಿಯನ್ನು ಓದಬಲ್ಲವರು ಹಳ್ಳಿಗಳಲ್ಲಿ ಇರಲಿಲ್ಲ. ಅದೇ ಕಾಲದಲ್ಲಿ ಮೇಜರ್ ಡಿಕ್ಸನ್ ಎಂಬ ಅಧಿಕಾರಿ ಕೆಲವು ಶಾಸನಗಳ ಫೋಟೊ ತೆಗೆದಿದ್ದರು. ಅವುಗಳನ್ನು ಓದಿ ಅನುವಾದಿಸುವ ಕೆಲಸ ರೈಸ್ ಅವರ ಪಾಲಿಗೆ ಬಂತು. ಅದು 1879ರಲ್ಲಿ ಪುಸ್ತಕವಾಯಿತು. ಅಲ್ಲಿಂದ ಮುಂದೆ ಅವರಿಗೆ ಈ ಕೆಲಸದ ಗುಂಗು ಹಿಡಿಯಿತು. 1890ರಲ್ಲಿ ಅವರು ಪುರಾತತ್ವ ಇಲಾಖೆಯ ಪೂರ್ಣಾವಧಿ ನಿರ್ದೇಶಕರಾದರು.

ಕಲ್ಲಿನ ಬರಹವನ್ನು ಕಾಗದಕ್ಕೆ ಇಳಿಸುವುದು ಹೇಗೆ ಗೊತ್ತೇ? ಕೆಲವನ್ನು ಕಣ್ಣಿಂದ ಓದಿ ಕೈಯಲ್ಲಿ ಬರೆದುಕೊಳ್ಳುತ್ತಾರೆ. ಇನ್ನು ಕೆಲವಕ್ಕೆ ಪಡಿಯಚ್ಚು ತೆಗೆಯುತ್ತಾರೆ. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅದರ ಮೇಲೆ ಹಾಸಿ, ಬ್ರಷ್‌ನಿಂದ ತಟ್ಟುತ್ತಾರೆ. ಕಾಗದ ಅಕ್ಷರದ ಗುಳಿಯೊಳಗೆ ಇಳಿಯುತ್ತದೆ. ಆಮೇಲೆ ಮಸಿ ಒತ್ತುತ್ತಾರೆ. ಉಬ್ಬಿದ ಜಾಗ ಕಪ್ಪಾಗುತ್ತದೆ, ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಬಿಸಿಲು, ಮಳೆ, ಮುಳ್ಳಿನ ಪೊದೆಗಳ ನಡುವೆ ನಡೆಯುವ ಕೆಲಸವಿದು. ರೈಸ್ ಒಬ್ಬರೇ ಇದನ್ನು ಮಾಡಲಿಲ್ಲ. ಅವರ ಜೊತೆ ಕನ್ನಡ, ಸಂಸ್ಕೃತ, ತಮಿಳು ಬಲ್ಲ ಪಂಡಿತರಿದ್ದರು. ಅವರಲ್ಲಿ ಹೆಚ್ಚಿನವರ ಹೆಸರು ಇಂದು ಯಾರ ಬಾಯಲ್ಲೂ ಇಲ್ಲ ಎಂಬುದು ಬೇಸರದ ಸಂಗತಿ.

ಹೀಗೆ ಸೇರಿದ ಶಾಸನಗಳು ಸುಮಾರು 9000. ಅವು ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಹೆಸರಿನ 12 ಸಂಪುಟಗಳಾದವು. ಮೊದಲನೆಯದು ಕೊಡಗಿನದು, 1886ರಲ್ಲಿ ಬಂತು. ಕೋಲಾರ ಜಿಲ್ಲೆಯದು ಹತ್ತನೆಯ ಸಂಪುಟ, 1905ರಲ್ಲಿ ಅಚ್ಚಾಯಿತು. ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯೂ ಆಗ ಕೋಲಾರಕ್ಕೇ ಸೇರಿತ್ತು.

ಇನ್ನು ಅವರ ಜಾಣತನ ನೋಡಿ. ಸಾವಿರಾರು ಶಾಸನಗಳನ್ನು ಒಂದೇ ರಾಶಿ ಹಾಕಿದರೆ ಬೇಕಾದದ್ದು ಸಿಗುವುದೇ? ರೈಸ್ ಅವರು ಹೆಚ್ಚಾಗಿ ಜಿಲ್ಲಾವಾರು ಸಂಪುಟ ಮಾಡಿದರು. ಅದರೊಳಗೆ ತಾಲ್ಲೂಕಿಗೊಂದು ಭಾಗ. ಭಾಗದೊಳಗೆ ಪ್ರತಿ ಶಾಸನಕ್ಕೆ ಒಂದು ಸಂಖ್ಯೆ. ತಾಲ್ಲೂಕಿನ ಹೆಸರಿಗೆ ಇಂಗ್ಲಿಷಿನ ಎರಡು ಅಕ್ಷರದ ಗುರುತು: ಕೋಲಾರಕ್ಕೆ ಕೆ.ಎಲ್., ಮಾಲೂರಿಗೆ ಎಂ.ಆರ್., ಶ್ರೀನಿವಾಸಪುರಕ್ಕೆ ಎಸ್.ಪಿ., ಮುಳಬಾಗಿಲಿಗೆ ಎಂ.ಬಿ. (ಇದು ಮೆಗಾಬೈಟ್ ಅಲ್ಲ, ನಗಬೇಡಿ!) ಇಂದಿಗೂ ಸಂಶೋಧಕರು ಶಾಸನವನ್ನು ಇದೇ ಗುರುತಿನಿಂದ ಹುಡುಕುತ್ತಾರೆ. ಕಂಪ್ಯೂಟರಿನಲ್ಲಿ ಫೋಲ್ಡರ್, ಅದರೊಳಗೆ ಫೋಲ್ಡರ್, ಅದರೊಳಗೆ ಸಂಖ್ಯೆ ಹಾಕಿದ ಫೈಲ್ ಇಡುವುದು ಇದೇ ಕ್ರಮ.

ಈ ಸಂಪುಟದಲ್ಲಿ ಏನಿದೆ? ಕೋಲಾರದ ಕೋಲಾರಮ್ಮ ಗುಡಿಯಲ್ಲಿರುವ ಚೋಳರ ಕಾಲದ ತಮಿಳು ಶಾಸನಗಳಿವೆ. ಮಾಲೂರು ತಾಲ್ಲೂಕಿನ ಟೇಕಲ್ಲಿನ ಬರಹಗಳಿವೆ. ಮುಳಬಾಗಿಲು ತಾಲ್ಲೂಕಿನ ಆವಣಿಯ ಹತ್ತನೆಯ ಶತಮಾನದ ಒಂದು ಶಾಸನ ತ್ರಿಭುವನಕರ್ತಾರ ಎಂಬ ತಪಸ್ವಿಯನ್ನು ನೆನೆಯುತ್ತದೆ. ಅವರು 50 ಗುಡಿಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದರಂತೆ. ಮಳೆಯನ್ನೇ ನಂಬಿದ ನಾಡಿನಲ್ಲಿ ಕೆರೆ ಕಟ್ಟಿಸಿದವರ ಹೆಸರು ಉಳಿದದ್ದು ಸಣ್ಣ ಮಾತಲ್ಲ.

ರೈಸ್ ಅವರು 1906ರಲ್ಲಿ ನಿವೃತ್ತರಾದರು. ಇಲಾಖೆಯನ್ನು ಆರ್. ನರಸಿಂಹಾಚಾರ್ಯರು ಮುಂದುವರಿಸಿದರು. ರೈಸ್ ಅವರು 1927ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು. ಅವರ ಓದಿನಲ್ಲಿ ತಪ್ಪುಗಳೂ ಇದ್ದವು. ಬೇರೆ ವಿದ್ವಾಂಸರು ಅವನ್ನು ತಿದ್ದಿದರು. ಅವರು ದಾಖಲಿಸಿದ ಎಷ್ಟೋ ಕಲ್ಲುಗಳು ಇಂದು ಹುಡುಕಿದರೂ ಸಿಗುವುದಿಲ್ಲ. ಅವುಗಳ ಬರಹ ಮಾತ್ರ ಪುಸ್ತಕದಲ್ಲಿ ಉಳಿದಿದೆ.

ಈ ಕೆಲಸ ಈಗ ಹೊಸ ರೀತಿಯಲ್ಲಿ ನಡೆಯುತ್ತಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನರಿನಿಂದ ದಾಖಲಿಸುತ್ತಿದೆ. ಸವೆದ ಅಕ್ಷರವೂ ಪರದೆಯ ಮೇಲೆ ಕಾಣುತ್ತದೆ. ಆದರೆ ಇಷ್ಟು ಮಾಹಿತಿಯನ್ನು ಇಡುವುದು ಎಲ್ಲಿ?

ಬನ್ನಿ, ಒಂದು ಲೆಕ್ಕ ಮಾಡೋಣ. ರೈಸ್ ಅವರ 9000 ಶಾಸನಗಳನ್ನು ನಾವೇ ಕಂಪ್ಯೂಟರಿಗೆ ಹಾಕುತ್ತೇವೆ ಎಂದುಕೊಳ್ಳಿ. ಒಂದು ಶಾಸನದಲ್ಲಿ 1000 ಅಕ್ಷರ, ಒಂದು ಅಕ್ಷರಕ್ಕೆ 6 ಬೈಟ್ ಎಂದರೆ ಎಲ್ಲ ಸೇರಿ 54 ಮೆಗಾಬೈಟ್. ಸಣ್ಣ ಪೆನ್‌ಡ್ರೈವ್‌ನ ಮೂಲೆಗೂ ಸಾಲದು! ಪ್ರತಿ ಶಾಸನಕ್ಕೆ 5 ಮೆಗಾಬೈಟಿನ ನಾಲ್ಕು ಫೋಟೊ ಸೇರಿಸಿದರೆ 180 ಗಿಗಾಬೈಟ್. ಮೂರು ಆಯಾಮದ ಫೈಲಿಗೆ ತಲಾ 300 ಮೆಗಾಬೈಟ್ ಹಿಡಿದರೆ 2.7 ಟೆರಾಬೈಟ್. ಒಟ್ಟು 3 ಟೆರಾಬೈಟಿಗೆ ಹತ್ತಿರ. ಹಾಗಾದರೆ ಯಾವ ಡಿಸ್ಕ್ ಕೊಳ್ಳಬೇಕು? 4 ಟೆರಾಬೈಟಿನದು. ಕೆಲಸ ಬೆಳೆಯುತ್ತಲೇ ಇರುತ್ತದೆ, ಜಾಗ ಉಳಿದಿರಬೇಕು.

ಈ ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿದಾಗ ಪರದೆಯಲ್ಲಿ ಸುಮಾರು 3.6 ಎಂದು ಕಾಣಬಹುದು. ಅಂಗಡಿಯವರು ಮೋಸ ಮಾಡಲಿಲ್ಲ. ತಯಾರಕರು 1000ದ ಲೆಕ್ಕದಲ್ಲಿ ಎಣಿಸುತ್ತಾರೆ, ಕೆಲವು ಕಂಪ್ಯೂಟರುಗಳು 1024ರ ಲೆಕ್ಕದಲ್ಲಿ ಎಣಿಸುತ್ತವೆ. ಅಷ್ಟೇ ವ್ಯತ್ಯಾಸ.

ಹೊಸ ಡಿಸ್ಕನ್ನು ಮೊದಲು ಫಾರ್ಮ್ಯಾಟ್ ಮಾಡಬೇಕಾಗಬಹುದು. ಅಂದರೆ ಖಾಲಿ ನೋಟ್‌ಬುಕ್ಕಿಗೆ ಗೆರೆ ಎಳೆದು ಪುಟಸಂಖ್ಯೆ ಹಾಕಿದಂತೆ. ಬೇರೆ ಬೇರೆ ಬಗೆಯ ಕಂಪ್ಯೂಟರುಗಳಲ್ಲಿ ಓದಬೇಕಾದರೆ ಎಕ್ಸ್‌ಫ್ಯಾಟ್ ಎಂಬ ಕ್ರಮ ಅನುಕೂಲ. ಎಚ್ಚರ! ಫಾರ್ಮ್ಯಾಟ್ ಮಾಡಿದರೆ ಒಳಗಿದ್ದ ಫೈಲುಗಳು ಹೋಗುತ್ತವೆ. ಹಳೆಯ ಡಿಸ್ಕಾದರೆ ಮೇಷ್ಟ್ರನ್ನು ಕೇಳದೆ ಆ ಗುಂಡಿ ಒತ್ತಬೇಡಿ. ಆಮೇಲೆ ರೈಸ್ ಅವರಂತೆ ಜಿಲ್ಲೆ, ತಾಲ್ಲೂಕು, ಸಂಖ್ಯೆಯ ಫೋಲ್ಡರ್ ಮಾಡಿ.

ಡಿಸ್ಕಿನ ಒಳಗೆ ಕಾಂತೀಯ ಲೇಪನವಿರುವ ತಟ್ಟೆಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತವೆ. ಓದುವ ಮುಳ್ಳು ತಟ್ಟೆಗೆ ತಾಗದೆ, ಕೂದಲೆಳೆಗಿಂತ ಬಹಳ ಕಡಿಮೆ ಅಂತರದಲ್ಲಿ ತೇಲುತ್ತದೆ. ಕೆಲಸ ಮಾಡುತ್ತಿರುವಾಗ ಕೈತಪ್ಪಿ ಬಿದ್ದರೆ ಮುಳ್ಳು ತಟ್ಟೆಯನ್ನು ಗೀರಿಬಿಡುತ್ತದೆ. ವೈರನ್ನು ಹಾಗೇ ಕಿತ್ತರೆ ಬರೆಯುತ್ತಿದ್ದ ಫೈಲು ಕೆಡಬಹುದು. ಪರದೆಯಲ್ಲಿ ಮೊದಲು ಇಜೆಕ್ಟ್ ಮಾಡಿ, ಆಮೇಲೆ ತೆಗೆಯಿರಿ. ಏನೂ ಆಗದಿದ್ದರೂ ಐದಾರು ವರ್ಷ ಕಳೆದ ಮೇಲೆ ಡಿಸ್ಕ್ ಕೈಕೊಡಬಹುದು. ಇದರಲ್ಲಿ ಕಲ್ಲೇ ಮೇಲು!

ಅದಕ್ಕೇ ಎರಡನೆಯ ಡಿಸ್ಕ್ ಬೇಕು. ಅದರಲ್ಲೂ ಅದೇ ಫೈಲುಗಳು. ಒಂದು ಕೋಲಾರದಲ್ಲಿದ್ದರೆ ಇನ್ನೊಂದು ಶ್ರೀನಿವಾಸಪುರದಲ್ಲಿರಲಿ. ಒಂದೇ ಬೀರುವಿನಲ್ಲಿ ಇಟ್ಟರೆ ಬೆಂಕಿಗೂ ಕಳ್ಳನಿಗೂ ಎರಡೂ ಒಟ್ಟಿಗೇ ಸಿಗುತ್ತವೆ. ರೈಸ್ ಅವರ ಪುಸ್ತಕದ ಪ್ರತಿಗಳು ಹಲವು ಊರುಗಳ ಗ್ರಂಥಾಲಯಗಳಿಗೆ ಹೋದದ್ದರಿಂದಲೇ ಇಂದು ನಮಗೆ ಸಿಕ್ಕಿವೆ.

ನಿಮ್ಮ ಊರಿನಲ್ಲೂ ಅಕ್ಷರದ ಕಲ್ಲಿದ್ದರೆ ಅದಕ್ಕೆ ಸುಣ್ಣ, ಬಣ್ಣ, ಎಣ್ಣೆ ಹಚ್ಚಬೇಡಿ. ಬೆಳಿಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಒಂದು ಫೋಟೊ ತೆಗೆಸಿ. ಆಗ ಅಕ್ಷರಗಳು ಚೆನ್ನಾಗಿ ಎದ್ದು ಕಾಣುತ್ತವೆ. ಹತ್ತನೆಯ ಸಂಪುಟದಲ್ಲಿ ನಿಮ್ಮ ಊರಿನ ಹೆಸರಿದೆಯೇ ಎಂದು ಮೇಷ್ಟ್ರ ಜೊತೆ ಹುಡುಕಿ. ಸಿಕ್ಕರೆ ಆ ಸಂಖ್ಯೆಯನ್ನೇ ಫೋಟೊಗೆ ಹೆಸರಾಗಿ ಇಡಿ. ಸಿಗದಿದ್ದರೆ, ರೈಸ್ ಅವರ ಕಣ್ಣಿಗೂ ಬೀಳದ ಕಲ್ಲು ನಿಮಗೆ ಸಿಕ್ಕಿರಬಹುದು!