ಸ್ಯಾಂಪಲ್ ಸುಟ್ಟುಹೋದರೂ ಬಿಡದ ಎಲೆಕ್ಟ್ರಿಕಲ್ ಎಂಜಿನಿಯರ್: ಎರ್ನ್ಸ್ಟ್ ರುಸ್ಕಾ

ಪ್ರಾಜೆಕ್ಟ್ ಅಂದಾಕ್ಷಣ ನಮಗೆ ನೆನಪಾಗೋದು ರಿಪೋರ್ಟು, ವೈವಾ, ಕೊನೇ ದಿನದ ಬೈಂಡಿಂಗ್ ಅಂಗಡಿ. ಅಲ್ಲಿಗೆ ಕಥೆ ಮುಗೀತು. ಆದರೆ ಒಬ್ಬ ಎಲೆಕ್ಟ್ರಿಕಲ್ ವಿದ್ಯಾರ್ಥಿ ಕಾಲೇಜಿನ ಲ್ಯಾಬಿನಲ್ಲಿ ಹಿಡಿದ ಕೆಲಸಕ್ಕೆ ಅರ್ಧ ಶತಮಾನ ಕಳೆದ ಮೇಲೆ ನೊಬೆಲ್ ಬಂತು. ಅವರೇ ಎರ್ನ್ಸ್ಟ್ ರುಸ್ಕಾ. ಇವತ್ತು ಪ್ರೋಟೀನುಗಳ ರಚನೆಯನ್ನು ತೋರಿಸುವ ಕ್ರಯೋ-ಎಲೆಕ್ಟ್ರಾನ್ ಮೈಕ್ರೋಸ್ಕೋಪಿಯ ಬೇರು ಇರೋದು ಆ ಲ್ಯಾಬಿನಲ್ಲೇ.

ರುಸ್ಕಾ ಹುಟ್ಟಿದ್ದು 1906ರ ಡಿಸೆಂಬರ್ 25ರಂದು, ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ. ತಂದೆ ಪ್ರೊಫೆಸರ್. ಅವರ ಓದುವ ಕೋಣೆಯಲ್ಲಿ ದೊಡ್ಡದೊಂದು ಝೈಸ್ ಮೈಕ್ರೋಸ್ಕೋಪ್ ಇತ್ತು. ಅಪ್ಪ ಆಗಾಗ ಅದರಲ್ಲಿ ಏನಾದರೂ ತೋರಿಸುತ್ತಿದ್ದರು, ಆದರೆ ಮಕ್ಕಳು ಮುಟ್ಟುವ ಹಾಗಿರಲಿಲ್ಲ. ತಿರುಪು ಹೆಚ್ಚುಕಡಿಮೆ ತಿರುಗಿಸಿ ಲೆನ್ಸ್ ಹಾಳುಮಾಡಿಬಿಟ್ಟರೆ ಅನ್ನೋ ಭಯ!

ಮ್ಯೂನಿಕ್‌ನಲ್ಲಿ ಎರಡು ವರ್ಷ ಎಂಜಿನಿಯರಿಂಗ್ ಓದಿ, 1927ರಲ್ಲಿ ಅವರು ಬರ್ಲಿನ್‌ಗೆ ಬಂದರು. ಅಲ್ಲಿನ ಹೈ ವೋಲ್ಟೇಜ್ ಲ್ಯಾಬಿನಲ್ಲಿ ಮ್ಯಾಕ್ಸ್ ನಾಲ್ ಅವರ ತಂಡ ಸೇರಿದರು. ಆ ತಂಡದ ಗುರಿ ಮೈಕ್ರೋಸ್ಕೋಪ್ ಅಲ್ಲವೇ ಅಲ್ಲ. ವಿದ್ಯುತ್ ಲೈನುಗಳಲ್ಲಿ ಕ್ಷಣಮಾತ್ರ ಬಂದುಹೋಗುವ ಸರ್ಜ್‌ಗಳನ್ನು ಅಳೆಯಲು, ನಮ್ಮ ಲ್ಯಾಬಿನ ಸಿಆರ್‌ಒಗೆ ಅಣ್ಣನಂಥ ಒಂದು ಉಪಕರಣ ಬೇಕಿತ್ತು. ಅದಕ್ಕೆ ಎಲೆಕ್ಟ್ರಾನ್ ಕಿರಣವನ್ನು ಚುಕ್ಕಿಯಾಗಿ ಫೋಕಸ್ ಮಾಡಬೇಕು. ಕರೆಂಟು ಹರಿಯುವ ಸುರುಳಿ ಎಲೆಕ್ಟ್ರಾನುಗಳಿಗೆ ಲೆನ್ಸಿನಂತೆ ಕೆಲಸ ಮಾಡುತ್ತದೆ ಎಂದು ಹಾನ್ಸ್ ಬುಶ್ ಲೆಕ್ಕ ಹಾಕಿದ್ದರು. ಅದನ್ನು ಅಳತೆ ಮಾಡಿ ನೋಡುವುದು ರುಸ್ಕಾ ಪಾಲಿಗೆ ಬಂತು.

ಲೆಕ್ಕ ಸರಿಯಾಗಿತ್ತು. ಹಾಗಾದರೆ ಒಂದರ ಮುಂದೆ ಒಂದು ಎರಡು ಸುರುಳಿ ಇಟ್ಟರೆ? 1931ರ ಏಪ್ರಿಲ್‌ನಲ್ಲಿ ಇಟ್ಟೇಬಿಟ್ಟರು. ಸಿಕ್ಕಿದ್ದು ಸುಮಾರು 17 ಪಟ್ಟು ದೊಡ್ಡ ಚಿತ್ರ. ಏನೂ ಅಲ್ಲ ಅನ್ನಿಸಬಹುದು, ಆದರೆ ದಾರಿ ತೆರೆದಿತ್ತು. ಆ ಹೊತ್ತಿಗೆ ಜರ್ಮನಿಯಲ್ಲಿ ಆರ್ಥಿಕ ಕುಸಿತ. ಡಿಗ್ರಿ ಕೈಗೆ ಬಂದಿತ್ತು, ಕೆಲಸ ಇರಲಿಲ್ಲ. ಸಂಬಳವಿಲ್ಲದೆ ಅದೇ ಲ್ಯಾಬಿನಲ್ಲಿ ಡಾಕ್ಟರೇಟ್‌ಗೆ ಕೂತರು. 1933ರ ಕೊನೆಗೆ ಅವರ ಹೊಸ ಯಂತ್ರ 12,000 ಪಟ್ಟು ಹಿಗ್ಗಿಸಿ ತೋರಿಸಿತು. ಬೆಳಕಿನ ಮೈಕ್ರೋಸ್ಕೋಪ್ ಹಿಂದೆ ಬಿತ್ತು.

ಅಷ್ಟಾದರೂ ಜನ ನಂಬಲಿಲ್ಲ. ಕಾರಣವೂ ಇತ್ತು. ಒಳಗಿಟ್ಟ ಹತ್ತಿಯ ಎಳೆ ಎಲೆಕ್ಟ್ರಾನ್ ಏಟಿಗೆ ಕರಕಲಾಗುತ್ತಿತ್ತು. ಜೀವಕೋಶ ಇಟ್ಟರೆ ಬೂದಿಯ ಚಿತ್ರ ತಾನೆ ಬರೋದು? ರುಸ್ಕಾ ಉತ್ತರ ಎಂಜಿನಿಯರನ ಉತ್ತರ. ಸ್ಯಾಂಪಲ್ ಎಲೆಕ್ಟ್ರಾನನ್ನು ಹೀರಿಕೊಳ್ಳಬೇಕಿಲ್ಲ, ಸ್ವಲ್ಪ ಚದುರಿಸಿದರೂ ಚಿತ್ರ ಮೂಡುತ್ತೆ. ಹಾಗಾಗಿ ತೀರಾ ತೆಳುವಾಗಿ ಇಟ್ಟರೆ ಬಿಸಿಯೂ ಕಡಿಮೆ. ಆದರೆ ಉತ್ತರಕ್ಕೆ ಯಾರೂ ದುಡ್ಡು ಕೊಡಲಿಲ್ಲ. ಹೊಟ್ಟೆಪಾಡಿಗೆ ಟಿವಿ ತಯಾರಿಸುವ ಕಂಪನಿ ಸೇರಿದರು.

ಅಲ್ಲಿಗೂ ಬಿಡಲಿಲ್ಲ. ಗೆಳೆಯ ಬೋಡೋ ಫಾನ್ ಬೋರಿಸ್ ಜೊತೆ ಸುಮಾರು ಮೂರು ವರ್ಷ ಬಾಗಿಲು ತಟ್ಟಿದರು. ವೈದ್ಯರಾಗಿದ್ದ ತಮ್ಮ ಹೆಲ್ಮುಟ್, ಇದು ರೋಗಾಣು ನೋಡೋಕೆ ಬೇಕೇ ಬೇಕು ಎಂದು ತಮ್ಮ ಗುರು ಪ್ರೊಫೆಸರ್ ಸೀಬೆಕ್ ಅವರನ್ನು ಒಪ್ಪಿಸಿದರು. ಅವರ ಅಭಿಪ್ರಾಯಪತ್ರ ಕೆಲಸ ಮಾಡಿತು. 1937ರಲ್ಲಿ ಸೀಮೆನ್ಸ್ ಕೈಹಿಡಿಯಿತು. 1939ರಲ್ಲಿ ಯಂತ್ರ ಮಾರುಕಟ್ಟೆಗೆ ಬಂತು. ಅದೇ ವರ್ಷ ಹೆಲ್ಮುಟ್ ಮತ್ತು ಜೊತೆಗಾರರು ತಂಬಾಕಿನ ಮೊಸಾಯಿಕ್ ವೈರಸ್ಸಿನ ಚಿತ್ರ ತೋರಿಸಿದರು.

1986ರಲ್ಲಿ ನೊಬೆಲ್ ಬಂದಾಗ ರುಸ್ಕಾಗೆ 79 ದಾಟಿತ್ತು. ನಾಲ್ ಇರಲಿಲ್ಲ, ಬೋರಿಸ್ ಇರಲಿಲ್ಲ, ಹೆಲ್ಮುಟ್ ಕೂಡ ಇರಲಿಲ್ಲ. ತೀರಿಕೊಂಡವರಿಗೆ ಆ ಬಹುಮಾನ ಇಲ್ಲ. ಎರಡು ವರ್ಷಕ್ಕೆ, 1988ರಲ್ಲಿ ಅವರೂ ಹೋದರು.

ಸುಡುವ ಸಮಸ್ಯೆ ಮಾತ್ರ ಪೂರ್ತಿ ಹೋಗಿರಲಿಲ್ಲ. ಅದಕ್ಕೆ ದೊಡ್ಡ ಪರಿಹಾರ ಸಿಕ್ಕಿದ್ದು 1980ರ ದಶಕದಲ್ಲಿ, ಅದೂ ರುಸ್ಕಾ ಹುಟ್ಟಿದ ಹೈಡೆಲ್‌ಬರ್ಗ್‌ನಲ್ಲೇ. ಜಾಕ್ ಡುಬೋಶೆ ತಂಡ ನೀರಿನ ತೆಳು ಪದರವನ್ನು ತಣ್ಣನೆಯ ಈಥೇನಿಗೆ ಥಟ್ಟನೆ ಅದ್ದಿತು. ಹರಳು ಕಟ್ಟೋಕೆ ಪುರುಸೊತ್ತೇ ಸಿಗದೆ ನೀರು ಗಾಜಿನಂತೆ ಗಟ್ಟಿಯಾಯಿತು. ಒಳಗಿನ ಪ್ರೋಟೀನು ಒಣಗಲಿಲ್ಲ, ಚಳಿಯಲ್ಲಿ ಎಲೆಕ್ಟ್ರಾನಿನ ಹೊಡೆತವನ್ನೂ ಹೆಚ್ಚು ತಡೆದುಕೊಂಡಿತು. ಕಡಿಮೆ ಎಲೆಕ್ಟ್ರಾನಿನಲ್ಲಿ ತೆಗೆದ ಲಕ್ಷಗಟ್ಟಲೆ ಮಸುಕು ಚಿತ್ರಗಳನ್ನು ಕಂಪ್ಯೂಟರ್ ಸೇರಿಸಿ ಸ್ಪಷ್ಟ ಮಾಡುತ್ತದೆ. 2017ರಲ್ಲಿ ಡುಬೋಶೆ, ಫ್ರಾಂಕ್, ಹೆಂಡರ್ಸನ್ ಅವರಿಗೆ ಇದಕ್ಕೇ ನೊಬೆಲ್ ಸಿಕ್ಕಿತು. 2020ರ ಆರಂಭದಲ್ಲೇ ಕೊರೊನಾ ವೈರಸ್ಸಿನ ಸ್ಪೈಕ್ ಪ್ರೋಟೀನಿನ ಆಕಾರ ಕಂಡದ್ದೂ ಹೀಗೇ.

ಬೆಂಗಳೂರಿನ ಎನ್‌ಸಿಬಿಎಸ್ ಆವರಣದಲ್ಲೂ ಇಂಥ ಯಂತ್ರವಿದೆ. ಅದರೊಳಗೆ ಎಲೆಕ್ಟ್ರಾನನ್ನು ಬಗ್ಗಿಸುವುದು ಇವತ್ತಿಗೂ ಕಬ್ಬಿಣದ ಕವಚದೊಳಗಿನ ಸುರುಳಿಯೇ. ಸಂಬಳವಿಲ್ಲದ ಆ ದಿನಗಳಲ್ಲಿ ರುಸ್ಕಾ ರೂಪಿಸಿದ ಲೆನ್ಸೂ ಅದೇ ಬಗೆಯದು. ಮುಂದಿನ ಸಲ ನಮ್ಮ ಪ್ರಾಜೆಕ್ಟಿಗೆ ಇದರಿಂದ ಏನುಪಯೋಗ ಅಂತ ಯಾರಾದರೂ ಕೇಳಿದರೆ, ಆ ಕರಕಲಾದ ಹತ್ತಿ ಎಳೆಯನ್ನು ಒಮ್ಮೆ ನೆನಪಿಸಿಕೊಳ್ಳೋಣ.